ಕಂಬದ ಮರೆಯ ಗಿರಾಕಿ

ಪ್ರತಿ ಶನಿವಾರ ನನ್ನ ಕ್ಯಾಮೆರಾ ಅಂಗಡಿಗೆ ಬರುವ ಈ ಗಿರಾಕಿಗೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಬೇಕು, ಅದೂ ಅಗ್ಗದಲ್ಲಿ. ಬಂದವರೇ "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಎನ್ನುತ್ತಾರೆ. ಬಾಗಿಲು ಹಾಕುವ ತನಕ ನೋಡುತ್ತಲೇ ಇರುತ್ತಾರೆ. ಒಂದು ಲೆನ್ಸ್ ಗಿಡ್ಡ, ಇನ್ನೊಂದು ಭಾರ, ಸೆಕೆಂಡ್ ಹ್ಯಾಂಡ್‌ನದು ಫೋಕಸ್ ಮಾಡುವಾಗ ಮುದುಕರ ಹಾಗೆ ಕೆಮ್ಮುತ್ತದೆ. ಯಾವುದನ್ನೇ ಕೊಡಿ, ತಮ್ಮ ಹಳೇ ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡು ಬಾಗಿಲ ಪಕ್ಕದ ಕಂಬದ ಮರೆಗೆ ಹೋಗಿ, ಅರ್ಧ ಮುಖ ಮಾತ್ರ ಹೊರಹಾಕಿ ಎದುರಿನ ಬಸ್ ಸ್ಟಾಪಿಗೆ ಗುರಿ ಇಡುತ್ತಾರೆ. ಅಲ್ಲಿ ನಿಲ್ಲುವವರು ಈಗೀಗ ಶನಿವಾರ ತಲೆ ಬಾಚಿಕೊಂಡೇ ಬರುತ್ತಿದ್ದಾರೆ. "ಕಂಬ ಯಾಕೆ ಸಾರ್? ರಾಜಾರೋಷವಾಗಿ ನಿಂತ್ಕೊಂಡು ನೋಡಿ" ಎಂದೆ ಮೊನ್ನೆ. ಅವರು ಲೆನ್ಸಿನ ಮೇಲೆ ಇಲ್ಲದ ಧೂಳನ್ನು ಊದಿದರು. "ಓಟದ ಪಂದ್ಯದಲ್ಲಿ ನಾನು ಕಣ್ಣಿಗೆ ಬಿದ್ರೆ ನನ್ನ ಮಗಳು ಗಾಬರಿಯಾಗಿ ಎಡವ್ತಾಳೆ. ಬರಲ್ಲ ಅಂತ ಮಾತು ಕೊಟ್ಟಿದ್ದೀನಿ. ಮೈದಾನದ ಆಚೆ ನೀರಿನ ಟ್ಯಾಂಕ್ ಇದೆಯಲ್ಲ, ಅದರ ಹಿಂದೆ ನಿಂತ್ಕೋತೀನಿ." ಹೋದ ವರ್ಷ ಅಲ್ಲಿಂದಲೇ ತೆಗೆದ ಫೋಟೋ ತೋರಿಸಿದರು. ಅಷ್ಟಗಲ ಹುಲ್ಲು, ಅದರಾಚೆ ಸಾಸಿವೆ ಕಾಳಿನಷ್ಟು ಒಂದು ಕೆಂಪು ಚುಕ್ಕೆ. "ಗೆದ್ದಿದ್ದು ಇವಳೇ" ಎಂದರು.