ರೋಗಿಗೊಂದು ಪುಸ್ತಕ

ನಮ್ಮ ಪಕ್ಕದ ಮನೆಯ ನರ್ಸಮ್ಮ ಗಡಿಯಾರವನ್ನು ಕೈಗೆ ಕಟ್ಟುತ್ತಿರಲಿಲ್ಲ. ಎದೆಯ ಮೇಲೆ ಸೆರಗಿಗೆ ಪಿನ್ನು ಹಾಕಿ ತಲೆಕೆಳಗಾಗಿ ನೇತು ಬಿಡುತ್ತಿದ್ದರು. ಕಾಪು ಪೇಟೆಯಲ್ಲಿ ಮೀನಿಗೆ ಚೌಕಾಸಿ ಮಾಡುತ್ತ ಮಾಡುತ್ತ, ಮೀನಿನವಳ ಮಣಿಕಟ್ಟು ಹಿಡಿದು, ಆ ಗಡಿಯಾರ ನೋಡಿ ನಾಡಿ ಎಣಿಸಿದ್ದನ್ನು ನಾನೇ ಕಂಡಿದ್ದೇನೆ.

ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ದುಡಿದು, ತೊಂಬತ್ತರ ದಶಕದ ಕೊನೆಗೆ ಊರಿಗೆ ಬಂದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಂದವರು ಸುಮ್ಮನೆ ಕೂರಬಹುದಿತ್ತಲ್ಲ! ಕೂರಲಿಲ್ಲ. ಗೆರೆ ಎಳೆದ ಹಾಳೆಯೊಂದನ್ನು ಹಿಡಿದು ನನ್ನ ಜೆರಾಕ್ಸ್ ಅಂಗಡಿಗೆ ಬಂದರು. ಹೆಸರು, ಕಾಯಿಲೆ, ಮದ್ದು, ಕೊಟ್ಟ ಡಾಕ್ಟರು ಯಾರು, ಯಾವ ಮದ್ದು ಆಗಿಬರುವುದಿಲ್ಲ, ಇಷ್ಟೇ ಅದರಲ್ಲಿದ್ದದ್ದು. ಪ್ರತಿಗಳನ್ನು ಹೊಲಿದು ಪುಸ್ತಕ ಮಾಡಿ ಕೇರಿಯ ಮನೆಮನೆಗೆ ಹಂಚಿದರು. ಯಾವ ಡಾಕ್ಟರಲ್ಲಿಗೆ ಹೋದರೂ ಇದನ್ನು ತೋರಿಸಬೇಕೆಂದು ತಾಕೀತು ಮಾಡಿದರು.

"ಅಲ್ಲಿ ಎಲ್ಲ ಚಂದ ಅಂತ ನಾನು ಹೇಳುವುದಿಲ್ಲ ಮಾರಾಯ. ಒಂದು ಮಂಡಿಯ ಆಪರೇಶನ್ನಿಗೆ ತಿಂಗಳುಗಟ್ಟಲೆ ಕಾಯಬೇಕು. ಅದನ್ನು ಅವರೇ ಇಟ್ಟುಕೊಳ್ಳಲಿ. ಆದರೆ ರೋಗಿಯ ವಿಷಯ ಒಂದು ಕಡೆ ಬರೆದಿಡ್ತಾರೆ. ಅಷ್ಟನ್ನು ಇಲ್ಲಿ ಮಾಡಲಿಕ್ಕೆ ಎಂತ ಕಷ್ಟ?"

ಕಷ್ಟ ನಾವೇ ಆಗಿದ್ದೆವು. ಕೆಲವರು ಪುಸ್ತಕವನ್ನು ದೇವರ ಕೋಣೆಯಲ್ಲಿಟ್ಟರು. ಒಂದು ಮನೆಯಲ್ಲಿ ಮಗು ಅದರ ತುಂಬ ನವಿಲು ಬಿಡಿಸಿತು. ಡಾಕ್ಟರಿಗೆ ತೋರಿಸುವ ಮಾತು ಬಿಡಿ. ಒಬ್ಬ ಡಾಕ್ಟರಲ್ಲಿಗೆ ಹೋದದ್ದು ಇನ್ನೊಬ್ಬರಿಗೆ ತಿಳಿಯಬಾರದೆಂಬುದು ನಮ್ಮವರ ಮರ್ಯಾದೆ. ತಿಳಿದರೆ ಅವರಿಗೆ ಬೇಸರವಾಗುತ್ತದಂತೆ!

ಹೊರದೇಶಗಳ ಆಸ್ಪತ್ರೆ ನೋಡಿ ಬಂದ ಅಧಿಕಾರಿಯೊಬ್ಬರು ಉಡುಪಿಯಲ್ಲಿ ಸ್ಲೈಡ್ ತೋರಿಸುತ್ತಾರೆಂದು ತಿಳಿದು ನರ್ಸಮ್ಮ ನನ್ನನ್ನೂ ಎಳೆದುಕೊಂಡು ಹೋದರು. ಗಾಜಿನ ಕಟ್ಟಡ, ಕಾರಂಜಿ, ಲಿಫ್ಟು, ಎಲ್ಲದರ ಮುಂದೆಯೂ ಕೋಟು ಹಾಕಿ ನಿಂತ ಅಧಿಕಾರಿಗಳು. ನರ್ಸಮ್ಮ ಎದ್ದು ನಿಂತರು.

"ಸಾರ್, ಅಲ್ಲಿ ಒಬ್ಬ ರೋಗಿಯ ಹತ್ತಿರವಾದರೂ ಮಾತಾಡಿದ್ದೀರಾ?"

"ಸಮಯ ಇರಲಿಲ್ಲಮ್ಮ," ಎಂದು ಆ ಮಹಾನುಭಾವರು ನಕ್ಕರು.

ಬಸ್ಸಿನಲ್ಲಿ ಕಾಪು ಬರುವವರೆಗೂ ನರ್ಸಮ್ಮ ಬೈದರು. ಕೇಳಿ ಕೇಳಿ ನನಗೂ ರೋಸಿಹೋಗಿತ್ತು. ಊರ ಉಸಾಬರಿ ಇವರಿಗೇಕೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಪುವಿನ ಹಳೆಯ ಡಾಕ್ಟರ ಮಾತ್ರೆ ತಿನ್ನುತ್ತಿದ್ದರು. ಕಾರ್ಕಳದ ಅಕ್ಕನ ಮನೆಗೆ ಹೋದಾಗ ಅಲ್ಲಿಯ ಡಾಕ್ಟರಿಗೂ ತೋರಿಸಿ ಇನ್ನೊಂದು ಮಾತ್ರೆ ತಂದಿದ್ದರು. ಇಬ್ಬರೂ ಒಳ್ಳೆಯ ಡಾಕ್ಟರು, ಯಾರನ್ನು ಬಿಡುವುದು? ಅಮ್ಮ ಎರಡನ್ನೂ ನುಂಗಿದರು. ಹೊರಗಿನ ಹೆಸರು ಬೇರೆ, ಒಳಗಿನ ಮದ್ದು ಒಂದೇ. ನಾಲ್ಕನೆಯ ದಿನ ಬೆಳಗ್ಗೆ ಮೈಯೆಲ್ಲ ಬೆವರಿ, ಮಾತು ತೊದಲಿ, ಜಗಲಿಯಲ್ಲಿ ಕುಸಿದರು.

ನಾನು ರಿಕ್ಷಾ ಕರೆಯಲು ಓಡಿದೆ. ವಾಪಸು ಬರುವಾಗ ನರ್ಸಮ್ಮ ಅಮ್ಮನ ಕೆನ್ನೆಯ ಒಳಭಾಗಕ್ಕೆ ಸಕ್ಕರೆ ತಿಕ್ಕುತ್ತಿದ್ದರು. ಮಡಿಲಲ್ಲಿ ಎರಡು ಮಾತ್ರೆ ಹಾಳೆಗಳಿದ್ದವು.

"ಎರಡೂ ಒಂದೇ ಮದ್ದು! ಎರಡು ಪಾಲು ನುಂಗಿ ರಕ್ತದ ಸಕ್ಕರೆ ಪೂರ ಇಳಿದಿದೆ. ಪುಸ್ತಕ ಎಲ್ಲಿ?"

ಪುಸ್ತಕ ಖಾಲಿ ಇತ್ತು. ಅಮ್ಮನಿಗೆ ಬರೆಯಲು ಬಾರದು, ಬರೆಯಬೇಕಾದವನು ನಾನು.

"ಅಂಗಡಿ ತುಂಬ ಕಾಗದ ಉಂಟು, ಪೆನ್ನು ಉಂಟು. ನಿನಗೆ ಎಂತ ಇಲ್ಲ ಹೇಳು?"

ನಾನು ಅಮ್ಮನನ್ನು ಎತ್ತಿ ರಿಕ್ಷಾದಲ್ಲಿ ಕೂರಿಸಿದೆ. ಅಮ್ಮ ಬದುಕಿದರು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಅವರು ಆಡಿದ ಮೊದಲ ಮಾತು, "ಕಾರ್ಕಳದ ಡಾಕ್ಟ್ರಿಗೆ ಹೇಳಬೇಡ, ಪಾಪ, ಬೇಸರ ಮಾಡಿಕೊಂಡಾರು." ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಅಂದಿನಿಂದ ಭಾನುವಾರಗಳಲ್ಲಿ ನರ್ಸಮ್ಮನ ಜಗಲಿಯೇ ನನ್ನ ಕಚೇರಿಯಾಯಿತು. ಕೇರಿಯವರು ಮಾತ್ರೆಯ ಡಬ್ಬಿ ಹಿಡಿದು ಬರುತ್ತಿದ್ದರು. ನರ್ಸಮ್ಮ ಓದಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಪುಸ್ತಕವನ್ನು ನೋಡದೆ ಬದಿಗೆ ತಳ್ಳುವ ಡಾಕ್ಟರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೂ ಬರೆದೆವು, ಏಳೆಂಟು ವರ್ಷ.

ಒಂದು ಮಧ್ಯಾಹ್ನ ನರ್ಸಮ್ಮ ಬಾವಿಕಟ್ಟೆಯ ಬಳಿ ಬಿದ್ದರು. ಬಾಯಿ ಸೊಟ್ಟಗಾಗಿ ಮಾತು ನಿಂತಿತ್ತು. ಮಣಿಪಾಲಕ್ಕೆ ಒಯ್ದೆ. ಎಳೆಯ ಡಾಕ್ಟರೊಬ್ಬಳು ಕೇಳಿದಳು, "ಇವರಿಗೆ ಮೊದಲೇ ಏನಾದರೂ ಕಾಯಿಲೆ ಉಂಟಾ? ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು?"

ನಾನು ಮನೆಗೆ ಫೋನು ಮಾಡಿದೆ. ಹೆಂಡತಿ ಅವರ ಕಪಾಟನ್ನೆಲ್ಲ ಹುಡುಕಿದಳು. ಖಾಲಿ ಪುಸ್ತಕಗಳ ಕಟ್ಟು ಸಿಕ್ಕಿತು, ಅವರ ಹೆಸರಿನದು ಸಿಗಲಿಲ್ಲ. ಊರಿಗೆಲ್ಲ ಬೈದ ಹೆಂಗಸು ತನಗೊಂದು ಬರೆದುಕೊಂಡಿರಲಿಲ್ಲ!

ಮೂರನೆಯ ದಿನ ಹೋದರು. ಗೊತ್ತಿದ್ದರೂ ಉಳಿಸುವುದು ಕಷ್ಟವಿತ್ತು ಎಂದು ಆ ಡಾಕ್ಟರ್ ಹುಡುಗಿ ಸಮಾಧಾನ ಹೇಳಿದಳು. ಇರಬಹುದು. ನನಗೆ ನರ್ಸಮ್ಮನ ಮೇಲೆ ಬಂದ ಸಿಟ್ಟು ಇಳಿಯಲು ತಿಂಗಳುಗಳೇ ಹಿಡಿದವು. ಇಳಿದ ಮೇಲೆ ಅದು ನನ್ನ ಮೇಲೆ ತಿರುಗಿತು. ಬರೆಯುವವನು ನಾನಾಗಿದ್ದೆ. ಅಷ್ಟು ವರ್ಷ ಅವರ ಜಗಲಿಯಲ್ಲಿ ಕೂತು, ಅವರು ಮಾಡಿದ ಚಹಾ ಕುಡಿದು, ಊರವರ ಕಾಯಿಲೆಯನ್ನೆಲ್ಲ ಬರೆದೆ. ನಿಮಗೆ ಎಂತ ಕಾಯಿಲೆ ನರ್ಸಮ್ಮ ಎಂದು ಒಂದು ದಿನವೂ ಕೇಳಿರಲಿಲ್ಲ.