ಮಹೆಕ ಮಾತು ಬಿಟ್ಟದ್ದು

ಕರಜಗಿಯ ಪ್ಯಾರಿಬಿಯ ಮೊಮ್ಮಗಳು ಮಹೆಕ ಒಂದನೆಯ ತರಗತಿಗೆ ಸೇರಿ ಮೂರು ತಿಂಗಳಾದರೂ ಶಾಲೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಮನೆಯ ಉರ್ದುವೇ ಶಾಲೆಯ ಕನ್ನಡಕ್ಕೆ ತೊಡಕೆಂದು ಪ್ಯಾರಿಬಿ ಮನೆಯಲ್ಲಿ ಉರ್ದು ನಿಲ್ಲಿಸಿಬಿಟ್ಟಳು. ನೀರು ಬೇಕಾದರೂ ಕನ್ನಡದಲ್ಲೇ ಕೇಳಬೇಕೆಂದಳು. ವಾರದೊಳಗೆ ಮಗು ಮನೆಯಲ್ಲೂ ಮೂಕವಾಯಿತು. ಬಾಯಾರಿದರೆ ಕೊಡದತ್ತ ಬೆರಳು ತೋರಿಸತೊಡಗಿತು.

ಪ್ಯಾರಿಬಿ ಅವಳನ್ನೆತ್ತಿಕೊಂಡು ಶಾಲೆಗೆ ಓಡಿದಳು. "ಟೀಚರ್, ಇದ್ದ ಮಾತೂ ಹೋಯ್ತ್ರಿ. ನಾನೇ ಕೈಯಾರೆ ಕೆಡಿಸೇನ್ರಿ."

ಟೀಚರ್ ಸಂಘಮಿತ್ರಾ ಅವಳನ್ನು ಕೂರಿಸಿದರು. "ಹೊಸ ಭಾಷಾದಾಗ ಮೊದಲ ಮೂರ್ನಾಕು ತಿಂಗಳು ಮಕ್ಕಳು ಬರೇ ಕೇಳಿ ಕಲಿತಾವ್ರಿ. ನಾವು ಹೇಳಿದ್ದೆಲ್ಲಾ ಅಕಿ ತಿಳ್ಕೋತಾಳ. ಮನ್ಯಾಗ ನಿಮ್ಮ ಉರ್ದು ಮಾತು ನೀವು ಆಡ್ರಿ."

ಪ್ಯಾರಿಬಿ ಮೊಮ್ಮಗಳ ಗಲ್ಲ ಹಿಡಿದು ಉರ್ದುವಿನಲ್ಲೇ "ಬೋಲ್ ಬೇಟಾ" ಎಂದು ಗೋಗರೆದಳು. ಮಹೆಕ ಹೆದರಿ ಟೀಚರ್ ಮುಖ ನೋಡಿ, ಪುಟ್ಟ ಅಂಗೈಯಿಂದ ಅಜ್ಜಿಯ ಬಾಯಿ ಮುಚ್ಚಿದಳು.