ಮಾವಿನ ಬುಡದ ಭಂಡಾರ

ಹಣ್ಣಿನ ಗಿಡಗಳ ರೋಗ ನೋಡುವ ಕೆಲಸದ ಮೇಲೆ ತೊಂಬತ್ತರ ದಶಕದಲ್ಲಿ ಒಮ್ಮೆ ಅಕ್ಕಲಕೋಟದ ಕಡೆಯ ಕರಜಗಿಗೆ ಹೋಗಿದ್ದೆ. ಕುರುಬರ ದೇವರಾದ ಬಿರೋಬನ ಕಲ್ಲಿಗೆ ನೆರಳಾಗಿದ್ದ ಮಾವಿನ ಮರ ಬಾಡುತ್ತಿತ್ತು. ಕುರಿ ಸಾಕುವ ಮನೆಯ ಅಜ್ಜಿ ಬುಡದಲ್ಲಿ ಉದುರಿದ್ದ ಹಳದಿ ಪುಡಿಯನ್ನು ನಾನು ಬಾಯಿ ತೆರೆಯುವ ಮೊದಲೇ ನನ್ನ ಹಣೆಗೆ ಹಚ್ಚಿಬಿಟ್ಟಳು.

"ದೇವ್ರು ತಾನ ಭಂಡಾರ ಉದುರಸಾಕತ್ತಾನ್ರಿ ಸಾಹೇಬ್ರ. ಅದಕ್ಕ ಯಾರಿಗೂ ಗಿಡ ಮುಟ್ಟಗೊಟ್ಟಿಲ್ಲ."

ಅದು ಭಂಡಾರದ ಅರಿಸಿನವಲ್ಲ, ಕಾಂಡ ಕೊರೆಯುವ ಹುಳು ಹೊರತಳ್ಳಿದ ಮರದ ಹೊಟ್ಟು. ಮನಸ್ಸಿನಲ್ಲೇ ಬಿರೋಬನ ಕ್ಷಮೆ ಕೇಳಿ ಕಾಂಡದ ತೂತಿಗೆ ತಂತಿ ಹಾಕಿದೆ. ಬೆರಳುದ್ದದ ಬಿಳಿ ಹುಳು ಹೊರಬಂತು.

ಅಜ್ಜಿಯ ಮುಖ ಸಣ್ಣದಾಯಿತು. "ಮತ್ತ ನಾ ದಿನಾ ಮೊಮ್ಮಗಳ ಹಣಿಗಿ ಹಚ್ಚಿದ್ದು?"

"ಹಚ್ಚಿದ ಕೈ ದೇವ್ರು ನೋಡ್ಯಾನ, ಯವ್ವಾ."

"ಗಿಡ ಹೋದ್ರ ಅವ ಬಿಸಿಲಾಗ ಕುಂದ್ರತಾನಲ್ರಿ!"

ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯನ್ನು ತೂತುಗಳಿಗೆ ತುರುಕಿ ಮಣ್ಣು ಮೆತ್ತಿದೆ. ಕಾಂಡ ಬಡಿದರೆ ಡೊಳ್ಳಿನಂತೆ ಟೊಳ್ಳು ಸದ್ದು. ತಡವಾಗಿತ್ತು. ಅಜ್ಜಿ ತಲೆಯ ಮೇಲಿನ ಸೆರಗನ್ನು ಕಲ್ಲಿನ ಮೇಲೆ ಹಿಡಿದು ನಿಂತಳು.

ಅಕ್ಕಲಕೋಟದ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಹಣೆ ನೋಡಿ, "ಬಿರೋಬನ ದರ್ಶನ ಚೊಲೋ ಆತೇನ್ರಿ?" ಎಂದ.

"ಆತ್ರಿ," ಎಂದೆ. ಹುಳದ ಹೊಟ್ಟು ಎಂದು ಗೊತ್ತಿದ್ದೂ ಸೊಲ್ಲಾಪುರದವರೆಗೆ ಒರೆಸಿಕೊಳ್ಳಲಿಲ್ಲ.